ಗಾದೆಯು ಸುಳ್ಳಾಗಲಾರದೆ?

ಏಳನೆಯ ಇಯತ್ತೆಯ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಾಗ ನಮ್ಮ ಗಮನಕ್ಕೆ ಬಂದ ಸಂಗತಿಯೊಂದುಂಟು. ಗಾದೆಯನ್ನು ವಿಸ್ತರಿಸಿ ಬರೆಯಿರೆಂಬ ಪ್ರಶ್ನೆಗೆ ಹೆಚ್ಚಿನ ಮಕ್ಕಳು ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದೇ ಆರಂಭಿಸುವರು. ವೇದವನ್ನು ಕಣ್ಣಿನಿಂದಲೂ ಕಾಣದ ಮಗುವು ಅದು ಸುಳ್ಳಾದೀತೆಂದು ಸುಲಭವಾಗಿ ಒಪ್ಪಿಬಿಡುತ್ತದೆ. ಗಾದೆ ಸುಳ್ಳಾದೀತೆಂದು ಮಾತ್ರ ಒಪ್ಪದು. ಹೀಗೆ ಬರೆಯಲು ಕಲಿಸಿದವರು ನಾವೇ. ‘ವಿಸ್ತರಿಸಿರಿ’ ಎಂದು ಕೇಳಿದ್ದೇವೆಯೇ ಹೊರತು ‘ಇದು ನಿಜವೇ, ಪರೀಕ್ಷಿಸಿರಿ’ ಎಂದು ಎಂದೂ ಕೇಳಿದವರಲ್ಲ.

ಆದರೆ ಗಾದೆಗಳು ತಮ್ಮತಮ್ಮಲ್ಲಿಯೇ ಒಪ್ಪುವುದಿಲ್ಲವೆಂಬುದನ್ನು ಯಾರು ಅರಿಯರು? ‘ತಾಳಿದವನು ಬಾಳಿಯಾನು’ ಎನ್ನುವ ಬಾಯಿಯೇ ‘ನಾಳೆ ಎಂದವನ ಮನೆ ಹಾಳು’ ಎನ್ನುತ್ತದೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದ ಜನರೇ ‘ಬಾಯಿದ್ದವನು ಬರದಲ್ಲೂ ಬದುಕಿದ’ ಎಂದೂ ಹೇಳಿದ್ದಾರೆ. ಇದನ್ನು ದೋಷವೆಂದು ನಾವು ಎಣಿಸೆವು. ವೈದ್ಯನ ಚೀಲದಲ್ಲಿ ಭೇದಿಯಾಗಿಸುವ ಔಷಧವೂ ಇರುತ್ತದೆ, ಭೇದಿಯನ್ನು ನಿಲ್ಲಿಸುವ ಔಷಧವೂ ಇರುತ್ತದೆ. ಯಾರಿಗೆ ಯಾವುದನ್ನು ಕೊಟ್ಟನೆಂಬುದರ ಮೇಲೆ ರೋಗಿಯ ಗತಿ ನಿಂತಿದೆ. ಗಾದೆಯಾದರೋ ತನ್ನನ್ನು ಯಾರಿಗೆ ಕೊಡಬೇಕೆಂಬುದನ್ನು ತಾನೇ ಹೇಳುವುದಿಲ್ಲ.

ಜತ್ತ, ಅಕ್ಕಲಕೋಟೆಗಳ ಈ ಗಡಿನಾಡಿನಲ್ಲಿ ಕೆಲವು ಹಿರಿಯರು ನಮ್ಮ ಈ ಸಂಶಯವನ್ನು ಮೆಚ್ಚರು. ಮಕ್ಕಳ ಬಾಯಲ್ಲಿ ಕನ್ನಡವೇ ತೆಳುವಾಗುತ್ತಿರುವಾಗ ಇದ್ದ ಗಾದೆಗಳನ್ನು ಕಲಿಸುವುದು ಬಿಟ್ಟು ಕೆದಕುವುದೇಕೆ ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲವೆನ್ನಲಾರೆವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಕಿಟ್ಟೆಲರು ಶಬ್ದಗಳಿಗೆ ನಿದರ್ಶನವಾಗಿ ಗಾದೆಗಳನ್ನು ಹೇರಳವಾಗಿ ಕೊಟ್ಟಿರುವರು. ಭಾಷೆಯ ಕಸುವು ಅಲ್ಲಿದೆಯೆಂದು ಪರದೇಶದಿಂದ ಬಂದವರೂ ಕಂಡುಕೊಂಡಿದ್ದರು. ಆದರೆ ನಮ್ಮ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದನ್ನು ನೆರೆಮನೆಯ ಮರಾಠಿಗರೂ ‘ಅಂಥರೂಣ ಪಾಹೂನ ಪಾಯ ಪಸರಾವೇತ’ ಎನ್ನುತ್ತಾರೆ. ಎರಡು ಭಾಷೆಗಳು ಒಂದೇ ಮಾತನ್ನು ಆಡಿದವೆಂದ ಮಾತ್ರಕ್ಕೆ ಅದು ಪರಮಸತ್ಯವಾಯಿತೆ? ಎರಡೂ ಮನೆಗಳಲ್ಲಿ ಹಾಸಿಗೆ ಮೋಟಾಗಿತ್ತೆಂಬುದು ಮಾತ್ರ ಅದರಿಂದ ಸಿದ್ಧವಾಗುತ್ತದೆ.

ಈ ವಿಚಾರವನ್ನು ಪುಸ್ತಕದಿಂದ ತಂದವರಲ್ಲ ನಾವು. ನಮ್ಮ ಮೂರನೆಯ ಇಯತ್ತೆಯಲ್ಲಿ ಓದಿನಲ್ಲಿ ಬಹಳ ಹಿಂದುಳಿದ ಹುಡುಗನೊಬ್ಬನಿದ್ದನು. ಒತ್ತಕ್ಷರ ಬಂದರೆ ಸಾಕು, ಬೆರಳನ್ನು ಅಲ್ಲಿಯೇ ಊರಿ ಸುಮ್ಮನಾಗುವನು. ದೀಪಾವಳಿಯ ಸುಮಾರಿಗೆ ಅವನ ತಂದೆಯು ಶಾಲೆಗೆ ಬಂದನು. ಮುಕಾದಮನಿಂದ ಮುಂಗಡ ಪಡೆದಾಗಿತ್ತು. ಕಬ್ಬು ಕಡಿಯಲು ಟೋಳಿಯೊಡನೆ ಹೊರಟರೆ ಮರಳುವುದು ಯುಗಾದಿಯ ಹೊತ್ತಿಗೆ. ಹುಡುಗನನ್ನು ಬಿಟ್ಟುಹೋಗಬೇಕೋ ಕರೆದೊಯ್ಯಬೇಕೋ ಎಂಬುದನ್ನು ಕೇಳಲೆಂದೇ ಬಂದಿದ್ದನೆಂದು ಈಗ ತೋರುತ್ತದೆ. ಅಂದು ನಾವು ಪಟ್ಟಿಗಳನ್ನು ತುಂಬುವ ಗಡಿಬಿಡಿಯಲ್ಲಿದ್ದೆವು. “ಬೆಳೆಯುವ ಪೈರು ಮೊಳಕೆಯಲ್ಲೇ ಕಾಣತೈತಿ, ಏನ ಮಾಡೂದು” ಎಂದುಬಿಟ್ಟೆವು. ಆತನು ಸ್ವಲ್ಪ ಹೊತ್ತು ನಿಂತು, “ಖರೆ ಐತ್ರಿ ಗುರುಗಳ, ಹಾಸಿಗಿ ಇದ್ದಷ್ಟ ಕಾಲ ಚಾಚಬೇಕ್ರಿ” ಎಂದು ಕೈಮುಗಿದು ಹೋದನು. ಎರಡು ಗಾದೆಗಳಲ್ಲಿ ಒಂದು ಮಗುವಿನ ಓದು ಮುಗಿಯಿತು. 6ರಿಂದ 14ನೆಯ ವಯಸ್ಸಿನ ವರೆಗಿನ ಶಿಕ್ಷಣವು ಮಗುವಿನ ಹಕ್ಕೆಂದು 2009ರ ಕಾಯದೆ ಹೇಳುತ್ತದೆ. ಅದನ್ನು ಆತನಿಗೆ ಹೇಳಬೇಕಾದವರು ನಾವಾಗಿದ್ದೆವು, ನೆನಪೂ ಆಗಲಿಲ್ಲ.

ಕೆಲವು ದಿನಗಳ ಮೇಲೆ ಈ ಮಾತನ್ನು ಊರಿನ ವೃದ್ಧ ರೈತರೊಬ್ಬರ ಮುಂದೆ ಆಡಿದೆವು, ಸಮಾಧಾನಕ್ಕಾಗಿ ಎಂದೇ ಹೇಳಬೇಕು. ಅವರು ನಕ್ಕು, “ಗುರುಗಳ, ಆ ಗಾದಿ ಮಾಡಿದಾವ ಹಿಂಗಾರಿ ಜೋಳ ಬಿತ್ತಿರಲಿಕ್ಕಿಲ್ಲ ಬಿಡ್ರಿ” ಎಂದರು. ಅವರು ವಿವರಿಸಿದುದು ಹೀಗೆ: ನಮ್ಮ ಎರೆಹೊಲದ ಹಿಂಗಾರಿ ಜೋಳವು ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ಹಸಿಯ ಮೇಲೆಯೇ ಬದುಕಬೇಕು. ಮೊದಲಿಗೇ ಹುಲುಸಾಗಿ ಎಲೆಯೊಡೆದು ನಿಂತ ಬೆಳೆಯು ಆ ಹಸಿಯನ್ನೆಲ್ಲ ಆಗಲೇ ಕುಡಿದುಬಿಡುತ್ತದೆ. ಕಾಳು ಕಟ್ಟುವ ಹೊತ್ತಿಗೆ ನೆಲ ಬಿರಿದಿರುತ್ತದೆ, ತೆನೆ ಜಳ್ಳಾಗುತ್ತದೆ. ಸಣ್ಣದಾಗಿ ನಿಧಾನವಾಗಿ ಬಂದ ಪೈರು ಎಷ್ಟೋ ಸಲ ಕಾಳು ತುಂಬಿಕೊಳ್ಳುವುದುಂಟು. ಗಾದೆಯು ಹೊಲದ ಹೆಸರಿನಲ್ಲಿ ಮಾತನಾಡುತ್ತದೆ. ಆದರೆ ಇಲ್ಲಿಯ ಹೊಲವೇ ಅದಕ್ಕೆ ಸಾಕ್ಷಿ ನುಡಿಯದು. ಜೋಳದ ನಾಡಿನಲ್ಲಿ ಹುಟ್ಟಿ ಬೆಳೆದ ನಾವು ಆ ಗಾದೆಯನ್ನು ಅಷ್ಟು ಮಕ್ಕಳಿಂದ ವಿಸ್ತರಿಸಿ ಬರೆಯಿಸಿದ್ದೆವು!

ಅಂದಿನಿಂದ ಗಾದೆಯನ್ನು ಕೇಳಿದೊಡನೆ ‘ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು?’ ಎಂದು ವಿಚಾರಿಸುವ ಅಭ್ಯಾಸವಾಗಿದೆ. ಹಾಸಿಗೆಯ ಗಾದೆಯನ್ನು ನಮ್ಮ ತಂದೆಯವರು ತಮಗೆ ತಾವೇ ಹೇಳಿಕೊಂಡು ಸಾಲದ ಗೋಜಿಗೆ ಹೋಗದೆ ಬಾಳಿದರು, ಅದು ವಿವೇಕ. ಅದನ್ನೇ ದೊಡ್ಡ ಹಾಸಿಗೆಯಲ್ಲಿ ಮಲಗಿದವನು ನೆಲದ ಮೇಲೆ ಮಲಗಿದವನಿಗೆ ಹೇಳಿದರೆ ಅದು ವಿವೇಕವಲ್ಲ. ಮುಂಗಡದ ಲೆಕ್ಕ ಬರೆಯುವ ಮುಕಾದಮನಿಗೆ ಆ ಗಾದೆಯನ್ನು ಯಾರಾದರೂ ಹೇಳಿದ್ದನ್ನು ನಾವು ಕೇಳಿಲ್ಲ. ಬಡ ತಂದೆಯು ಅದನ್ನು ತನಗೆ ತಾನೇ ಹೇಳಿಕೊಂಡಂತೆ ಕಂಡರೂ, ಮಾತು ಆತನದಾಗಿರಲಿಲ್ಲ. ನಮ್ಮಂಥವರು ಬಹಳ ಕಾಲದಿಂದ ಆತನ ಬಾಯಲ್ಲಿ ಇಟ್ಟದ್ದು. ಇನ್ನು ಜಾತಿಗಳನ್ನೂ ಹೆಂಗಸರನ್ನೂ ಕುರಿತ ಕೆಲವು ಗಾದೆಗಳಿವೆ. ಅವುಗಳನ್ನು ಇಲ್ಲಿ ಬರೆಯುವುದಕ್ಕೂ ನಮಗೆ ಮನಸ್ಸಿಲ್ಲ.

ಕಳೆದ ಘಟಕ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬದಲಿಸಿ, ಹಾಸಿಗೆಯ ಗಾದೆಯು ನಿಮ್ಮ ಮನೆಯಲ್ಲಿ ನಿಜವಾಗಿದೆಯೇ ಎಂದು ಕೇಳಿದೆವು. ಅನೇಕರು ಗಲಿಬಿಲಿಗೊಂಡು ಹಳೆಯ ಉತ್ತರವನ್ನೇ ಬರೆದರು. ಒಬ್ಬ ಹುಡುಗಿಯು ಮಾತ್ರ, ತಮ್ಮ ಮನೆಯಲ್ಲಿ ಹಾಸಿಗೆ ಇಲ್ಲ, ಕೌದಿ ಇದೆ. ತಮ್ಮನು ಬೆಳೆದು ಕಾಲು ಹೊರಗೆ ಬಂದಾಗ ಅವ್ವನು ಹಳೆಯ ಸೀರೆಯ ತುಂಡು ಹಚ್ಚಿ ಕೌದಿಯನ್ನು ಉದ್ದ ಮಾಡಿದಳು ಎಂದು ನಾಲ್ಕು ಸಾಲು ಬರೆದಿದ್ದಳು. ಐದಕ್ಕೆ ನಾಲ್ಕು ಅಂಕ ಕೊಟ್ಟೆವು. ಕಾಗುಣಿತದ ತಪ್ಪಿಗೆ ಒಂದನ್ನು ಕಳೆಯಬೇಕಾಯಿತು.

ಆ ಹುಡುಗನ ಅಜ್ಜಿಯು ಊರಲ್ಲಿಯೇ ಇದ್ದಾಳೆ. ಮೊಮ್ಮಗನನ್ನು ತನ್ನ ಬಳಿ ಇಟ್ಟುಕೊಳ್ಳಲು ಆಕೆ ಒಪ್ಪಿದ್ದಾಳೆ, ತಂದೆಗೆ ಫೋನಿನಲ್ಲಿ ಎರಡು ಸಲ ಹೇಳಿದ್ದೇವೆ. ನೋಡೂಣ್ರಿ ಎಂದಿದ್ದಾನೆ. ಇದನ್ನು ಬರೆಯುವ ಹೊತ್ತಿಗೆ ಹುಡುಗನು ಬಂದಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ನಾವು ಹೊಡೆದುಹಾಕಿಲ್ಲ, ದಿನವೂ ಕೂಗುತ್ತೇವೆ.