ಯಾರ ಎದುರು ನಿಲ್ಲಲಿಲ್ಲ?

 



ಇಂದು ಚಿಂತನೆ ಬರೆಯುವ ಸರದಿ ನನ್ನದು. ವಿಷಯ ‘ಮಾನ’. ಅಂದರೆ ನಾನು ಎಂಬುದನ್ನು ಇನ್ನೊಬ್ಬರ ಪಕ್ಕದಲ್ಲಿಟ್ಟು ಅಳೆಯುವ ಮನಸ್ಸಿನ ಚಾಳಿ. ಇದಕ್ಕೆ ನನಗೆ ನಿದರ್ಶನ ಸಿಕ್ಕಿದ್ದು ಬಾಕ್ಸಿಂಗ್‌ನಲ್ಲಿ. ಮುಖಕ್ಕೆ ಗುದ್ದುವ ಆಟಕ್ಕೂ ನಮ್ಮ ಪಂಚಶೀಲಕ್ಕೂ ಎಲ್ಲಿಯ ನಂಟು ಎಂದು ಕೆಲವರಿಗೆ ಅನ್ನಿಸಬಹುದು. ದಯವಿಟ್ಟು ಕೊನೆಯವರೆಗೆ ಓದಿ.

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನೂ ಅವನ ಗೆಳೆಯನೂ ಮೊಬೈಲ್ ಮುಂದಿಟ್ಟುಕೊಂಡು ವಾದಕ್ಕೆ ಬಿದ್ದಿದ್ದರು. 2024ರ ಮೇ 18ರಂದು ರಿಯಾದ್‌ನಲ್ಲಿ ಉಕ್ರೇನಿನ ಉಸಿಕ್, ಇಂಗ್ಲೆಂಡಿನ ಟೈಸನ್ ಫ್ಯೂರಿಯನ್ನು ಸೋಲಿಸಿ ಹೆವಿವೇಟ್ ವಿಭಾಗದ ನಾಲ್ಕೂ ಬೆಲ್ಟುಗಳನ್ನು ತನ್ನದಾಗಿಸಿಕೊಂಡನಲ್ಲ, ಅವನು ದೊಡ್ಡವನೋ ಹಳಬರು ದೊಡ್ಡವರೋ ಎಂಬುದು ಜಗಳ. ಮಹಮ್ಮದ್ ಅಲಿಯ ಕಾಲದಲ್ಲಿ ಇವನಿದ್ದಿದ್ದರೆ ಎಷ್ಟು ಸುತ್ತು ನಿಲ್ಲುತ್ತಿದ್ದ? ಜೋ ಲೂಯಿಸ್ 25 ಸಲ ಪಟ್ಟ ಉಳಿಸಿಕೊಂಡದ್ದೇನೋ ನಿಜ, ಆದರೆ ಎದುರಿಗೆ ಬಂದವರು ಎಂಥವರು? ಇವನು ಅವನಿಗೆ ಹೆದರಿ ತಪ್ಪಿಸಿಕೊಂಡನೋ, ಅವನೇ ಇವನಿಗೆ ಹೆದರಿದನೋ? ಇಬ್ಬರೂ ಒಂದು ದಿನವೂ ಗ್ಲೌಸ್ ತೊಟ್ಟವರಲ್ಲ. ಆದರೂ ಕೊನೆಗೆ ಒಬ್ಬ ಊಟ ಮಾಡದೆ ಎದ್ದು ಹೋದ.

ಬುದ್ಧರು ಮಾನವನ್ನು ಮೂರು ಬಗೆಯಾಗಿ ಬಿಡಿಸಿ ತೋರಿಸಿದ್ದಾರೆ. ನಾನು ಮೇಲು ಎಂಬುದು ಒಂದು. ನಾನು ಸಮ ಎಂಬುದು ಇನ್ನೊಂದು. ನಾನು ಕೀಳು ಎಂಬುದೂ ಮಾನವೇ. ಯಾಕೆಂದರೆ ಮೂರರಲ್ಲೂ ಅಳತೆಗೋಲು ಕೈಯಲ್ಲೇ ಇದೆ. ಹತ್ತು ಸಂಯೋಜನಗಳಲ್ಲಿ ಇದು ಮೇಲಿನ ಐದಕ್ಕೆ ಸೇರಿದ್ದು, ಅರಹಂತ ಸ್ಥಿತಿಯಲ್ಲಿ ಮಾತ್ರ ಕಳಚುವಂಥದ್ದು. ಹುಡುಗರು ತಮ್ಮ ಮಾನವನ್ನು ಉಸಿಕ್‌ನ ಮೇಲೂ ಅಲಿಯ ಮೇಲೂ ಹೊರಿಸಿದ್ದರು. ಹಾಗೆಂದು ಬುದ್ಧಿ ಹೇಳಿ ಎದ್ದು ಬರಬಹುದಿತ್ತು. ಆದರೆ ಅವರು ಕೇಳುತ್ತಿದ್ದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾರನ್ನು ಗೆದ್ದ ಎನ್ನುವುದು ದಾಖಲೆಯಲ್ಲಿ ಇರುತ್ತದೆ. ಯಾರ ಎದುರು ನಿಲ್ಲಲೇ ಇಲ್ಲ ಎನ್ನುವುದನ್ನು ಎಲ್ಲಿ ನೋಡುವುದು?

ಆ ರಾತ್ರಿ ಹೆವಿವೇಟ್ ಚಾಂಪಿಯನ್ನರ ಚರಿತ್ರೆ ಓದುತ್ತಾ ಕುಳಿತೆ. 1882ರಿಂದ ಹತ್ತು ವರ್ಷ ಚಾಂಪಿಯನ್ ಆಗಿದ್ದ ಅಮೆರಿಕದ ಜಾನ್ ಎಲ್. ಸಲ್ಲಿವನ್, ಕಪ್ಪು ಜನರೊಡನೆ ತಾನು ಸೆಣಸುವುದಿಲ್ಲ ಎಂದು ಬಹಿರಂಗವಾಗಿಯೇ ಸಾರಿದ್ದ. ಅದಕ್ಕೆ ಅಲ್ಲಿನವರು ವರ್ಣರೇಖೆ ಎನ್ನುತ್ತಿದ್ದರು. ಆ ಕಾಲದ ಮಹಾ ಬಾಕ್ಸರ್ ಪೀಟರ್ ಜಾಕ್ಸನ್ ಕಪ್ಪು ಮನುಷ್ಯ. 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಿಮ್ ಕಾರ್ಬೆಟ್ ಎಂಬವನೊಡನೆ 61 ಸುತ್ತು ಹೋರಾಡಿದ. ಗೆಲುವು ಯಾರದೆಂದು ತೀರ್ಮಾನವಾಗಲಿಲ್ಲ. ಮರುವರ್ಷ ಅದೇ ಕಾರ್ಬೆಟ್ ಸಲ್ಲಿವನ್‌ನನ್ನು ಸೋಲಿಸಿ ಚಾಂಪಿಯನ್ ಆದ. ಜಾಕ್ಸನ್‌ಗೆ ಪಟ್ಟಕ್ಕಾಗಿ ಕಾದುವ ಅವಕಾಶ ಸಾಯುವವರೆಗೂ ಸಿಗಲಿಲ್ಲ.

ಆಮೇಲೆ ಬಂದವನು ಟೆಕ್ಸಾಸ್‌ನ ಜ್ಯಾಕ್ ಜಾನ್ಸನ್. ಗುಲಾಮರಾಗಿದ್ದ ತಂದೆತಾಯಿಯ ಮಗ. ಆಗಿನ ಚಾಂಪಿಯನ್ ಟಾಮಿ ಬರ್ನ್ಸ್‌ನನ್ನು ಇಂಗ್ಲೆಂಡಿಗೆ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಬೆನ್ನಟ್ಟಿ ಹೋದ. ಬರ್ನ್ಸ್ ಒಪ್ಪಿದ್ದು ಕೈಗೆ 30,000 ಡಾಲರ್ ಬರುವುದು ಖಾತ್ರಿಯಾದ ಮೇಲೆ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ, ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರೇ ಕಾಳಗ ನಿಲ್ಲಿಸಬೇಕಾಯಿತು. ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ. ನಿವೃತ್ತನಾಗಿದ್ದ ಜೆಫ್ರೀಸ್‌ನನ್ನು ಬಿಳಿಯರು ಮತ್ತೆ ಎಬ್ಬಿಸಿ ತಂದರು. 1910ರ ಜುಲೈ 4ರಂದು ರೀನೋದಲ್ಲಿ ಜಾನ್ಸನ್ ಅವನನ್ನೂ ಮಣಿಸಿದ. ಆ ಗೆಲುವಿನ ಸಿಟ್ಟಿಗೆ ಅಮೆರಿಕದ ಊರೂರಲ್ಲಿ ಗಲಭೆಯಾಗಿ ಜನ ಸತ್ತರು.

ಓದುತ್ತಾ ನನ್ನ ಎದೆ ಉಬ್ಬಿತ್ತು. ನಮ್ಮವನೇ ಗೆದ್ದಂತೆ. ಮುಂದಿನ ಪುಟದಲ್ಲಿ ಅದು ಇಳಿಯಿತು.

ಜಾನ್ಸನ್ ಆರು ವರ್ಷಕ್ಕೂ ಹೆಚ್ಚು ಕಾಲ ಪಟ್ಟದಲ್ಲಿದ್ದ. ಆ ಕಾಲದಲ್ಲಿ ಅವನಿಗೆ ಸರಿಜೋಡಿ ಎನ್ನಬಹುದಾಗಿದ್ದವರು ಸ್ಯಾಮ್ ಲ್ಯಾಂಗ್‌ಫರ್ಡ್, ಜೋ ಜೆನೆಟ್. ಇಬ್ಬರೂ ಕಪ್ಪು ಜನ. ಚಾಂಪಿಯನ್ ಆಗುವ ಮುಂಚೆ ಜಾನ್ಸನ್ ಇವರೊಡನೆ ಕಾದಿದ್ದ. ಚಾಂಪಿಯನ್ ಆದ ಮೇಲೆ ಇಬ್ಬರಿಗೂ ಪಟ್ಟದ ಕಾಳಗ ಕೊಡಲಿಲ್ಲ. ಅಷ್ಟು ಕಾಲದಲ್ಲಿ ಪಟ್ಟವಿಟ್ಟು ಅವನು ಎದುರಿಸಿದ ಕಪ್ಪು ಬಾಕ್ಸರ್ ಒಬ್ಬನೇ, 1913ರಲ್ಲಿ ಪ್ಯಾರಿಸ್‌ನಲ್ಲಿ. ಕಾರಣವೇನೆಂದರೆ, ಇಬ್ಬರು ಕಪ್ಪು ಜನರ ಕಾಳಗಕ್ಕೆ ಹಣ ಹುಟ್ಟುವುದಿಲ್ಲ. ಆ ಮಾತಿನಲ್ಲಿ ಸತ್ಯವೂ ಇತ್ತು. ಟಿಕೆಟ್ ಕೊಳ್ಳುವ ಬಿಳಿಯರಿಗೆ ಬಿಳಿಯ ಎದುರಾಳಿ ಬೇಕಿತ್ತು. ಲ್ಯಾಂಗ್‌ಫರ್ಡ್ ತನ್ನಂತೆಯೇ ಹೊರಗಿಡಲ್ಪಟ್ಟಿದ್ದ ಹ್ಯಾರಿ ವಿಲ್ಸ್‌ನೊಡನೆ ಹದಿನೈದಕ್ಕೂ ಹೆಚ್ಚು ಬಾರಿ ಕಾದಿದ. ಕೊನೆಗೆ ಕಣ್ಣು ಕಳೆದುಕೊಂಡ. 1944ರಲ್ಲಿ ಒಬ್ಬ ಪತ್ರಕರ್ತ ಅವನನ್ನು ಹುಡುಕಿದಾಗ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಕೋಣೆಯಲ್ಲಿ, ಕುರುಡನಾಗಿ, ಕೈಯಲ್ಲಿ ಕಾಸಿಲ್ಲದೆ ಕುಳಿತಿದ್ದ.

ಜಾನ್ಸನ್ 1915ರ ಏಪ್ರಿಲ್ 5ರಂದು ಹವಾನಾದಲ್ಲಿ ಸೋತ. ಮತ್ತೊಬ್ಬ ಕಪ್ಪು ಚಾಂಪಿಯನ್ ಬರಲು 22 ವರ್ಷ ಬೇಕಾಯಿತು. 1937ರಲ್ಲಿ ಬಂದ ಆ ಜೋ ಲೂಯಿಸ್‌ನ ಬಗ್ಗೆಯೇ ನಮ್ಮ ಹುಡುಗರು ವಾದ ಮಾಡುತ್ತಿದ್ದದ್ದು.

ಬಂಧುಗಳೆ, 1913ರಿಂದ 1916ರವರೆಗೆ ನಮ್ಮ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಹಾರ್ಲೆಮ್ ಅದಕ್ಕೆ ಹತ್ತಿರವೇ. ಜಾನ್ಸನ್ ಸೋತ ಮರುವರ್ಷ, 1916ರ ಮೇ 9ರಂದು, ಅವರು ಭಾರತದ ಜಾತಿಗಳ ಬಗ್ಗೆ ತಮ್ಮ ಮೊದಲ ಪ್ರಬಂಧ ಓದಿದರು. ಅದರಲ್ಲಿ ಎರಡು ಮುಖ್ಯ ಮಾತುಗಳಿವೆ. ತಮ್ಮೊಳಗೇ ಮದುವೆಯಾಗುವುದು ಜಾತಿಯ ತಿರುಳು. ಜಾತಿ ಹರಡಿದ್ದು ಮೇಲಿನವರನ್ನು ನೋಡಿ ಕೆಳಗಿನವರು ಅನುಕರಿಸಿದ್ದರಿಂದಲೂ ಹೌದು. ಒಬ್ಬರು ಬಾಗಿಲು ಮುಚ್ಚಿಕೊಂಡರೆ ಪಕ್ಕದವರೂ ಮುಚ್ಚಿಕೊಳ್ಳುತ್ತಾರೆ. ಗೆರೆಯನ್ನು ದಾಟಿ ಬಂದ ಜಾನ್ಸನ್ ಹಿಂದೆ ತಿರುಗಿ ಅದೇ ಗೆರೆಯನ್ನು ತನ್ನವರ ಮುಂದೆ ಎಳೆದದ್ದನ್ನು ನೋಡಿದರೆ ಎರಡನೆಯ ಮಾತು ಅರ್ಥವಾಗುತ್ತದೆ.

ಮೊದಲನೆಯ ಮಾತಿಗೆ ನನ್ನ ಮನೆಯೇ ಸಾಕ್ಷಿ. ಇದನ್ನು ಬರೆಯಲು ಮೂರು ದಿನ ಹಿಂಜರಿದಿದ್ದೇನೆ.

ಅಕ್ಕನ ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ. ಅವನೂ ನಮ್ಮಂತೆಯೇ ಊರ ಹೊರಗಿನ ಕೇರಿಯಿಂದ ಬಂದವನು, ಅಂಬೇಡ್ಕರರ ಫೋಟೊ ಗೋಡೆಯಲ್ಲಿರುವ ಮನೆಯವನು. ಆದರೆ ಎಡ–ಬಲ ಎನ್ನುತ್ತೇವಲ್ಲ, ಅವರು ಆ ಕಡೆ, ನಾವು ಈ ಕಡೆ. ಅಕ್ಕ ನನ್ನನ್ನು ಕೇಳಿದಳು: “ನೀನು ಓದಿದವನು, ವಿಹಾರಕ್ಕೆ ಹೋಗೋನು. ನೀನು ಹೂಂ ಅಂದ್ರೆ ನಾನೂ ಹೂಂ ಅಂತೀನಿ ಕಣೋ.” ನಾನು ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. “ಹುಡುಗನದು ಗುತ್ತಿಗೆ ಕೆಲಸ, ಅಕ್ಕ. ಕಾಯಂ ಆಗಲಿ, ಆಮೇಲೆ ನೋಡೋಣ” ಎಂದೆ. ಇದು ನಡೆದು ಎಂಟು ತಿಂಗಳಾಯಿತು.

ಈ ಎಂಟು ತಿಂಗಳಲ್ಲಿ ನಾನು ಎರಡು ಕಡೆ ಜಾತಿ ವಿನಾಶದ ಬಗ್ಗೆ ಭಾಷಣ ಮಾಡಿದ್ದೇನೆ. ಮೇಲ್ಜಾತಿಯವರ ಮಾನವನ್ನು ಖಂಡಿಸುವ ಕಾಳಗದಲ್ಲಿ ನನಗೆ ಚಪ್ಪಾಳೆ ಖಚಿತ. ನಾನು ತಪ್ಪಿಸಿಕೊಂಡ ಕಾಳಗ ಅಕ್ಕನ ಮನೆಯ ಪಡಸಾಲೆಯಲ್ಲಿತ್ತು. ಗುತ್ತಿಗೆ ಕೆಲಸ ಎಂಬ ಮಾತು ಸುಳ್ಳಲ್ಲ. ಜಾನ್ಸನ್ ಹಣದ ಮಾತಾಡಿದ್ದೂ ಸುಳ್ಳಲ್ಲ. ನಿಜವಾದ ಮಾತನ್ನೇ ಹೊದಿಕೆ ಮಾಡಿಕೊಂಡು ಮಾನ ಒಳಗೆ ಬೆಚ್ಚಗೆ ಮಲಗಿರುತ್ತದೆ. ಜಾನ್ಸನ್‌ಗಾದರೂ ಊರೆಲ್ಲ ಶತ್ರುವಾಗಿತ್ತು, ಮೊಕದ್ದಮೆ ಹೂಡಿ ದೇಶ ಬಿಟ್ಟು ಓಡುವಂತೆ ಮಾಡಿದ್ದರು. ನನಗೆ ಅಂಥ ಯಾವ ಒತ್ತಡವೂ ಇರಲಿಲ್ಲ.

ವಿನಯಪಿಟಕದ ಚುಲ್ಲವಗ್ಗದಲ್ಲಿ ಬರುವ ಒಂದು ಪ್ರಸಂಗ ನಿಮಗೆ ಗೊತ್ತಿರುವುದೇ. ಭದ್ದಿಯ, ಅನುರುದ್ಧ, ಆನಂದ ಮೊದಲಾದ ಆರು ಮಂದಿ ಶಾಕ್ಯ ಕುಮಾರರು ಪ್ರವ್ರಜ್ಯೆ ಪಡೆಯಲು ಬುದ್ಧರ ಬಳಿ ಬಂದರು. ಜೊತೆಯಲ್ಲಿ ಅವರ ಕ್ಷೌರಿಕ ಉಪಾಲಿಯೂ ಇದ್ದ. ಕುಮಾರರು ಬುದ್ಧರಲ್ಲಿ ಒಂದು ಕೋರಿಕೆ ಇಟ್ಟರು: ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಆಗ ಅವನು ನಮಗಿಂತ ಹಿರಿಯನಾಗುತ್ತಾನೆ, ನಾವು ಅವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಶಾಕ್ಯ ಕುಲದ ಮಾನ ಇಳಿಯುತ್ತದೆ. ಹಾಗೆಯೇ ಆಯಿತು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯಕ್ಕೆ ಸಂಬಂಧಿಸಿದ ಪ್ರತಿ ಪ್ರಶ್ನೆಗೂ ಉತ್ತರಿಸಿದವರು ಇದೇ ಉಪಾಲಿ ಸ್ಥವಿರರು. ಈ ಕಥೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ, ಉಪಾಲಿಯ ಕಥೆಯೆಂದೇ. ಆ ಕುಮಾರರು ತಮಗೆ ಅತಿ ಕಷ್ಟವಾದ ಎದುರಾಳಿಯನ್ನು ತಾವೇ ಕರೆದು ಮುಂದೆ ನಿಲ್ಲಿಸಿಕೊಂಡರು ಎಂಬುದು ಈ ವಾರ ಹೊಳೆಯಿತು. ಯಾರೂ ಅವರನ್ನು ಒತ್ತಾಯಿಸಿರಲಿಲ್ಲ.

ನಿನ್ನೆ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. “ಕೆಲಸದ ಮಾತು ನೆಪ ಅಕ್ಕ. ನನ್ನೊಳಗೇ ಅಡ್ಡಿ ಇತ್ತು” ಎಂದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನಗೆ ಗೊತ್ತಿತ್ತು. ನೀನೇ ಹೇಳಲಿ ಅಂತ ಸುಮ್ಮನಿದ್ದೆ” ಎಂದಳು. ಬರುವ ಭಾನುವಾರ ನಾವಿಬ್ಬರೂ ಹುಡುಗನ ಮನೆಗೆ ಹೋಗುತ್ತೇವೆ. ಊಟಕ್ಕೆ ಅಲ್ಲೇ ಇರುತ್ತೇವೆಂದು ಹೇಳಿ ಕಳಿಸಿದ್ದೇನೆ. ಎಂಟು ತಿಂಗಳು ಕಾಯಿಸಿದ್ದಕ್ಕೆ ಅವರು ಏನೆನ್ನುತ್ತಾರೋ, ಕೇಳಿಸಿಕೊಳ್ಳಬೇಕು.

ಇಂದಿನ ಅಭ್ಯಾಸ: ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಆನಾಪಾನದಲ್ಲಿ ಕುಳಿತು, ಈ ವರ್ಷ ನಾನು ಯಾರ ಎದುರು ನಿಲ್ಲದೆ ತಪ್ಪಿಸಿಕೊಂಡೆ ಎಂದು ಕೇಳಿಕೊಳ್ಳಿ. ಒಂದು ಹೆಸರು ಬಂದೇ ಬರುತ್ತದೆ. ಅದರ ಪಕ್ಕದಲ್ಲಿ ನೀವು ಕೊಟ್ಟ ಕಾರಣವನ್ನೂ ನೋಡಿ. ಆ ವ್ಯಕ್ತಿಗೆ ಮೊದಲು ಮೈತ್ರಿ ಕಳಿಸಿ, ಆಮೇಲೆ ನಿಮಗೆ.

ಎಲ್ಲ ಜೀವಿಗಳೂ ಸುಖವಾಗಿರಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು. 🙏