ಯಾಕೆ ಕೂಡಿಹಾಕಿದ್ದೀರಿ?

ಎಲ್ಲರೂ ಬೈಬಲ್ ತೆಗೀರಿ, ಫೋನಲ್ಲಿದ್ದರೂ ಪರವಾಗಿಲ್ಲ. ಅಪೊಸ್ತಲರ ಕೃತ್ಯಗಳು 24ನೇ ಅಧ್ಯಾಯ, ಕೊನೇ ಎರಡು ವಚನ.

ದೇಶಾಧಿಪತಿ ಫೇಲಿಕ್ಸನು ಪೌಲನನ್ನು ಎರಡು ವರ್ಷ ಸೆರೆಯಲ್ಲೇ ಇಟ್ಟನು. ಶಿಕ್ಷೆ ಆಗಿತ್ತಾ? ಇಲ್ಲ. ಬಿಡುಗಡೆ? ಅದೂ ಇಲ್ಲ. ಫೇಲಿಕ್ಸನಿಗೆ ಲಂಚದ ಆಸೆ, ಜೊತೆಗೆ ಮುಖಂಡರನ್ನು ಮೆಚ್ಚಿಸೋ ಆಸೆ. ಇದರ ಮಧ್ಯೆ ಒಬ್ಬ ಮನುಷ್ಯನ ಎರಡು ವರ್ಷ ಹೋಯ್ತು. ಅವನ ಜಾಗಕ್ಕೆ ಫೆಸ್ತ ಬಂದ. 25ನೇ ಅಧ್ಯಾಯದ ಕೊನೇ ವಚನ ನೋಡಿ. ಆರೋಪ ಏನೆಂದು ತಿಳಿಸದೆ ಕೈದಿಯನ್ನು ಕಳಿಸೋದು ಸರಿಯಲ್ಲ ಅನ್ನೋ ಅರ್ಥದ ಮಾತನ್ನು ಅವನು ಅಗ್ರಿಪ್ಪರಾಜನ ಮುಂದೆ ಹೇಳ್ತಾನೆ. ಫೆಸ್ತ ವಿಶ್ವಾಸಿಯಲ್ಲ, ಪ್ರಿಯರೇ. ಆದರೂ ಅಷ್ಟು ಅವನಿಗೆ ಗೊತ್ತಿತ್ತು.

ಇವತ್ತಿನ ಪ್ರಶ್ನೆ ಇಷ್ಟೇ. ಒಬ್ಬನನ್ನು ಕೂಡಿಹಾಕಿದವರು ಕಾರಣ ಹೇಳಲೇಬೇಕಾ? ಅವನು ನಮ್ಮ ದೇಶದವನಲ್ಲದಿದ್ದರೂ? ತಪ್ಪು ಮಾಡಿದವನೇ ಆಗಿದ್ದರೂ?

ಕಾನೂನಿನಲ್ಲಿ ಇದಕ್ಕೆ ಹೇಬಿಯಸ್ ಕಾರ್ಪಸ್ ಅಂತಾರೆ. ಕೋರ್ಟು ಬಂಧಿಸಿದವರಿಗೆ ಹೇಳುತ್ತೆ: ಆ ವ್ಯಕ್ತಿಯನ್ನು ನನ್ನ ಮುಂದೆ ತನ್ನಿ, ಯಾವ ಅಧಿಕಾರದಿಂದ ಹಿಡಿದಿಟ್ಟಿದ್ದೀರಿ ಹೇಳಿ. ಇಂಗ್ಲೆಂಡಿನಲ್ಲಿ 1679ರಲ್ಲೇ ಇದಕ್ಕೊಂದು ಕಾಯ್ದೆ ಬಂತು. ನಮ್ಮ ಸಂವಿಧಾನದ 32 ಮತ್ತು 226ನೇ ವಿಧಿಗಳ ಅಡಿಯಲ್ಲೂ ಈ ಅರ್ಜಿ ಹಾಕಬಹುದು. ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಇದರ ಶುಲ್ಕ ಬರೀ 5 ಡಾಲರ್.

ಒಂದು ಕೇಸ್ ಹೇಳ್ತೀನಿ. ಕೆಸ್ಟುಟಿಸ್ ಜಾಡ್ವಿಡಾಸ್ 1948ರಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವನು. ಎಂಟನೇ ವಯಸ್ಸಿಗೆ ಅಮೆರಿಕಕ್ಕೆ ಬಂದ. ಸಾಧು ಮನುಷ್ಯನೇನಲ್ಲ. ಡ್ರಗ್ಸ್, ಕಳ್ಳತನ, ದರೋಡೆ ಯತ್ನ, ಎಲ್ಲಾ ಇತ್ತು. 1994ರಲ್ಲಿ ಗಡೀಪಾರಿಗೆ ಆದೇಶ ಆಯ್ತು. ಆದರೆ ಎಲ್ಲಿಗೆ ಕಳಿಸೋದು? ಜರ್ಮನಿ, ಇವನು ನಮ್ಮ ಪ್ರಜೆ ಅಲ್ಲ ಅಂದಿತು. ಅಪ್ಪ ಅಮ್ಮನ ಲಿಥುವೇನಿಯಾ ಕೂಡ ಒಪ್ಪಲಿಲ್ಲ. ಕಳಿಸೋಕೆ ಜಾಗ ಇಲ್ಲ, ಬಿಡೋಕೆ ಮನಸ್ಸಿಲ್ಲ. 1995ರಲ್ಲಿ ಅವನು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ.

2001ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಐದು ಜನ ಜಡ್ಜ್‌ಗಳು ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ. ಹೊರಗೆ ಕಳಿಸೋದಕ್ಕಾಗಿ ಕೂಡಿಹಾಕಬಹುದು. ಕಳಿಸೋಕೇ ಆಗಲ್ಲ ಅಂದ್ರೆ ಕೂಡಿಹಾಕೋಕೆ ಇದ್ದ ಕಾರಣವೇ ಹೋಯ್ತಲ್ಲ? ಕೋರ್ಟು ಆರು ತಿಂಗಳ ಅಳತೆ ಇಟ್ಟಿತು. ಆಮೇಲೂ ಸದ್ಯಕ್ಕೆ ಕಳಿಸೋ ಸಾಧ್ಯತೆ ಕಾಣದಿದ್ದರೆ ಸರ್ಕಾರ ಉತ್ತರ ಕೊಡಬೇಕು. ಉತ್ತರ ಇಲ್ಲದಿದ್ದರೆ ನಿಗಾ ಇಟ್ಟು ಹೊರಗೆ ಬಿಡಬೇಕು.

ನಿಮ್ಮಲ್ಲಿ ಕೆಲವರ ಮನಸ್ಸಲ್ಲಿ ಏನಿದೆ ಗೊತ್ತು. "ಬ್ರದರ್, ನಮ್ಮ ಕಸಿನ್ ಎಚ್-1ಬಿ ಲಾಟರಿಗೆ ಕಾಯ್ತಾ ಇದ್ದಾನೆ. ಕಳ್ಳದಾರೀಲಿ ಹೋದವರಿಗೆ ಯಾಕೆ ಇಷ್ಟೆಲ್ಲಾ?" ಆ ಬೇಸರ ನ್ಯಾಯವೇ. ಆದರೆ ಈ ಅರ್ಜಿ ಯಾರಿಗೂ ವೀಸಾ ಕೊಡೋದಿಲ್ಲ, ಯಾರ ತಪ್ಪನ್ನೂ ಅಳಿಸೋದಿಲ್ಲ. ಬೀಗ ಹಾಕಿದವನಿಗೆ ಒಂದು ಪ್ರಶ್ನೆ ಕೇಳುತ್ತೆ, ಅಷ್ಟೇ.

"ಪೌಲ ರೋಮ್ ಪ್ರಜೆ ಆಗಿದ್ದ, ಇವರು ಪ್ರಜೆಗಳಲ್ಲವಲ್ಲ?" ಒಳ್ಳೇ ಪ್ರಶ್ನೆ. ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ ಪ್ರಜೆ ಅನ್ನಲ್ಲ, ವ್ಯಕ್ತಿ ಅನ್ನುತ್ತೆ. ಯಾಜಕಕಾಂಡ 24:22 ಓದಿ, ಪರದೇಶಿಗೂ ಸ್ವದೇಶಿಗೂ ನ್ಯಾಯ ಒಂದೇ.

"ಅಪಾಯದ ಮನುಷ್ಯನನ್ನು ಬಿಟ್ಟು ನಾಳೆ ಯಾರಿಗಾದರೂ ಏನಾದರೂ ಆದ್ರೆ?" ಇದು ಸುಲಭದ ಮಾತಲ್ಲ. ಆದರೆ ಅಪಾಯ ಇದ್ದರೆ ಅದನ್ನೂ ಜಡ್ಜ್ ಮುಂದೆ, ಈ ಮನುಷ್ಯನ ಬಗ್ಗೆ, ಸಾಕ್ಷಿ ಇಟ್ಟು ಹೇಳಲಿ. ರೋಮಾಪುರ 13 ಅಧಿಕಾರಕ್ಕೆ ಅಧೀನರಾಗಿರಿ ಅನ್ನುತ್ತೆ, ಹೌದು. ಜಡ್ಜ್ ಕೂಡ ಅಧಿಕಾರಿಯೇ ತಾನೇ? ಕೈಸರನಿಗೆ ಅಪೀಲು ಮಾಡಿದ ಪೌಲನೇ ಆ ಪತ್ರ ಬರೆದವನು.

ಇದು ಹಳೇ ಕಥೆಯಲ್ಲ. 2025ರ ಜುಲೈನಲ್ಲಿ ಅಲ್ಲಿನ ಸರ್ಕಾರ ಹೊಸ ನಿಲುವು ತಗೊಂಡಿತು: ಗಡಿಯಲ್ಲಿ ತಪಾಸಣೆ ಇಲ್ಲದೆ ಒಳಗೆ ಬಂದವರು ಎಷ್ಟೇ ವರ್ಷ ಅಲ್ಲೇ ಬದುಕಿದ್ದರೂ ಬಾಂಡ್ ವಿಚಾರಣೆ ಇಲ್ಲ. ಅಲ್ಲಿಂದ ಸಾವಿರಾರು ಹೇಬಿಯಸ್ ಅರ್ಜಿಗಳು ಬಂದಿವೆ. ವಿಚಾರಣೆ ಕೊಡಿ ಅಂತ ಅನೇಕ ಜಡ್ಜ್‌ಗಳು ಆದೇಶಿಸಿದರು, ಸರ್ಕಾರವೇ ಸರಿ ಅಂದವರೂ ಇದ್ದಾರೆ. ಇಮಿಗ್ರೇಶನ್ ಕೇಸಿನಲ್ಲಿ ಸರ್ಕಾರದ ಖರ್ಚಲ್ಲಿ ವಕೀಲರು ಸಿಗೋದಿಲ್ಲ. ಅರ್ಜಿಯನ್ನು ಸಾಮಾನ್ಯವಾಗಿ ಬಂಧನದಲ್ಲಿರೋ ಜಾಗದ ಕೋರ್ಟಿಗೇ ಹಾಕಬೇಕು. ರಾತ್ರೋರಾತ್ರಿ ಬೇರೆ ರಾಜ್ಯಕ್ಕೆ ಸಾಗಿಸಿದರೆ ಮನೆಯವರು ಎಲ್ಲಿ ಅಂತ ಹುಡುಕಬೇಕು? ಅರ್ಜಿಗೆ 5 ಡಾಲರ್ ಸಾಕು, ಆದರೆ ಅದನ್ನು ಬರೆಯೋ ಕೈ ಬೇಕು.

ಆದಿಕಾಂಡ 4ರಲ್ಲಿ ದೇವರು ಕಾಯಿನನನ್ನು ಕೇಳಿದ್ದು ಇದನ್ನೇ: ನಿನ್ನ ತಮ್ಮ ಎಲ್ಲಿ? ದೇವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೂ ಕೇಳಿದನು. ಉತ್ತರ ಹೇಳಬೇಕಾದವನು ಕಾಯಿನ. ಇನ್ನೊಬ್ಬನ ದೇಹದ ಮೇಲೆ ಬಲ ಇರುವವನು ಲೆಕ್ಕ ಕೊಡಬೇಕು.

ಈಗ ನಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ. ಒಂದು ಚಿನ್ನದ ಸರ ಕಾಣಲ್ಲ. ಕೆಲಸದ ಅಕ್ಕನನ್ನು ಸೆಕ್ಯೂರಿಟಿ ರೂಮಲ್ಲಿ ಕೂರಿಸ್ತಾರೆ, ಫೋನ್ ಕಿತ್ಕೊಳ್ತಾರೆ. ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ನೋಡ್ತಾರೆ, ಯಾರೂ ಮಾತಾಡಲ್ಲ. ಅಲ್ಲಿ "ಯಾಕೆ ಕೂರಿಸಿದ್ದೀರಿ, ಯಾರು ಹೇಳಿದ್ದು?" ಅಂತ ಕೇಳೋ ಒಬ್ಬ ವಿಶ್ವಾಸಿ ಇರಬೇಕು. ಅವಳು ಕದ್ದಿಲ್ಲ ಅಂತ ನಿಮಗೆ ಗೊತ್ತಿರಬೇಕಾಗಿಲ್ಲ. ಆ ಪ್ರಶ್ನೆ ಕೇಳೋಕೆ ಅದು ಬೇಕಿಲ್ಲ.

ಇಬ್ರಿಯರಿಗೆ 13:3, ಸೆರೆಯಲ್ಲಿರುವವರನ್ನು ನಾವೇ ಅವರ ಜೊತೆ ಕಟ್ಟಿಹಾಕಿಸಿಕೊಂಡ ಹಾಗೆ ನೆನೆಯಬೇಕು. ನಿರಪರಾಧಿಗಳನ್ನು ಮಾತ್ರ ಅಂತ ಅಲ್ಲಿ ಬರೆದಿಲ್ಲ. ಎದ್ದು ನಿಲ್ಲಿ, ಅವರಿಗಾಗಿ ಪ್ರಾರ್ಥನೆ ಮಾಡೋಣ. ಆಮೆನ್.