ಭಜಿ ಗಾಡಿಯೂ ಆತ್ಮಸಾಕ್ಷಿಯೂ

ಭಾನುವಾರದ ಬಲಿಪೂಜೆಯ ನಂತರ ಶಹಾಪುರದ ತಾಯಿಯೊಬ್ಬರು ದೇವಾಲಯದ ಬಾಗಿಲಲ್ಲಿ ಕೇಳಿದರು: "ಫಾದರ್, ರೊಕ್ಕಾ ಕೊಟ್ಟು ಲೈಸೆನ್ಸ್ ತಗೊಂಡ್ರ ಪಾಪ ಆಕ್ಕೈತೇನ್ರಿ?" ಮನೆಯ ಮಗ್ಗ ನಿಂತಿದೆ. ಮಿರ್ಚಿ ಭಜಿಯ ಗಾಡಿ ಹಾಕಬೇಕು. ಕಾಗದಕ್ಕೆ ಯಾರೋ ಕೈಯೊಡ್ಡಿದ್ದಾರೆ.

ಪ್ರಿಯರೇ, ಪರವಾನಗಿಯೇ ಬಡವರ ವೈರಿಯಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆ ಸಣ್ಣ ಗಾಡಿಗೂ ನೋಂದಣಿ ವಿಧಿಸಿದ್ದು ತಿನ್ನುವವರ ಹಿತಕ್ಕಾಗಿ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದೂ ನೆರೆಯವರಿಗೆ ದ್ರೋಹವೇ! 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೂ ವ್ಯಾಪಾರಿಯ ರಕ್ಷಣೆಗೆಂದೇ ಬಂದದ್ದು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ವ್ಯಾಪಾರಿಗಳೇ ಇರಬೇಕು.

ಇನ್ನು ಪಾಪದ ಮಾತು. ತನಗೆ ಸಲ್ಲದ್ದನ್ನು ಪಡೆಯಲು, ಇನ್ನೊಬ್ಬರ ಜಾಗ ಕಸಿಯಲು ಹಣ ಕೊಟ್ಟರೆ ಕೊಟ್ಟವರೂ ಪಾಪಿಗಳೇ. ಸಲ್ಲಬೇಕಾದ್ದನ್ನೇ ತಡೆದು ಕೇಳಿದರೆ ಅದು ಸುಲಿಗೆ; ದೋಷದ ಭಾರ ಸುಲಿದವನ ಮೇಲೆ. ಸ್ನಾನಿಕ ಯೊವಾನ್ನರು ಎಚ್ಚರಿಸಿದ್ದು ಸುಂಕ ವಸೂಲಿಯವರನ್ನು, ತೆತ್ತ ಬಡವರನ್ನಲ್ಲ.

ಆದರೆ ಸುಲಿಗೆಗೆ ಮೌನವಾಗಿ ತೆತ್ತರೆ ನಾಳೆ ಅದೇ ಕೈ ಇನ್ನೊಬ್ಬ ವಿಧವೆಯ ಮುಂದೆ ಚಾಚುತ್ತದೆ. 2018ರ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ; ಬಲವಂತಕ್ಕೆ ಕೊಟ್ಟವರು 7 ದಿನಗಳೊಳಗೆ ದೂರಿತ್ತರೆ ವಿನಾಯಿತಿಯುಂಟು. ಒಂಟಿ ಹೆಂಗಸಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ನಮ್ಮ ಧರ್ಮಕೇಂದ್ರದಲ್ಲಿ ನಿವೃತ್ತ ಗುಮಾಸ್ತರಿದ್ದಾರೆ. ಸೋಮವಾರ ಅವರಲ್ಲೊಬ್ಬರು ಆ ತಾಯಿಯ ಜೊತೆ ಕಚೇರಿಗೆ ಹೋಗುತ್ತಾರೆ.